ಜವಾರಿ ಹೇಂಟೆಯ ಕಾವಿನಲ್ಲಿ ಗಿರಿರಾಜ ಮರಿಗಳ ಸಾಕಣೆ

ಹಿತ್ತಿಲಿನಲ್ಲಿ ಮಾಂಸಕ್ಕಾಗಿ ಸಾಕುವ ಗಿರಿರಾಜ ಕೋಳಿ ಬೇಗ ತೂಕ ಪಡೆಯುತ್ತದೆ. ಆದರೆ ಕಾವಿಗೆ ಕೂರುವುದಿಲ್ಲ. ಆದ್ದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ರೈತರು ಅದರ ಮೊಟ್ಟೆಗಳನ್ನು ಕಾವಿಗೆ ಕೂತ ಜವಾರಿ ಹೇಂಟೆಯ ಕೆಳಗಿಡಬಹುದು.

ಮೊಟ್ಟೆ: 7 ದಿನಗಳೊಳಗಿನ ಫಲಿತ ಮೊಟ್ಟೆಗಳನ್ನು ಅಧಿಕೃತ ಕೇಂದ್ರದಿಂದಲೇ ಪಡೆಯಬೇಕು. ಮನೆಯ ಗಿರಿರಾಜ ಕೋಳಿಗಳ ಮೊಟ್ಟೆಯಿಂದ ಹುಟ್ಟಿದ ಮರಿಗಳಲ್ಲಿ ಅದೇ ಬೆಳವಣಿಗೆ ಉಳಿಯದು. ಗಾತ್ರ ದೊಡ್ಡದಾದ್ದರಿಂದ ಒಂದು ಹೇಂಟೆಗೆ 8–10 ಸಾಕು.

ಕಾವು: ಅವಧಿ 21 ದಿನ. 7ನೆಯ ದಿನ ಕತ್ತಲಲ್ಲಿ ಬ್ಯಾಟರಿ ಬೆಳಕಿಗೆ ಹಿಡಿದು, ರಕ್ತನಾಳ ಕಾಣದ ಮೊಟ್ಟೆಗಳನ್ನು ತೆಗೆಯಬೇಕು. ಕಡು ಬೇಸಿಗೆಯಲ್ಲಿ ಕಾವಿಗೆ ಇಡಬಾರದು.

ಮರಿ: ತಾಯಿಯ ರೆಕ್ಕೆ ಚಳಿಯಿಂದ ಕಾಯುತ್ತದೆ, ಕೊಕ್ಕರೆ ರೋಗದಿಂದ ಕಾಯದು. 5–7ನೆಯ ದಿನ ಲಸೋಟಾ ಹನಿ, 8ನೆಯ ವಾರ ಆರ್‌2ಬಿ ಚುಚ್ಚುಮದ್ದು ಹಾಕಿಸದಿದ್ದರೆ ಇಡೀ ಹಿಂಡೇ ನಾಶವಾಗಬಹುದು.