ಪರಧರ್ಮದವರೊಡನೆ ನಡತೆ: ನರಗುಂದವು ಹೇಳುವ ಮಾತು



ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಕರಿಯ ನೆಲದಲ್ಲಿ ಸಂಚರಿಸುವವರಿಗೆ ನರಗುಂದದ ಗುಡ್ಡವು ದೂರದಿಂದಲೇ ಕಾಣುತ್ತದೆ. ಅದರ ಮೇಲಿನ ಕೋಟೆಯು 1785ರಲ್ಲಿ ಟೀಪೂ ಸುಲ್ತಾನನ ದಂಡಿಗೂ 1858ರಲ್ಲಿ ಇಂಗ್ಲಿಷರ ದಂಡಿಗೂ ವಶವಾಯಿತು. ಗೆದ್ದವರು ಒಮ್ಮೆ ಮುಸಲ್ಮಾನರು, ಇನ್ನೊಮ್ಮೆ ಕ್ರೈಸ್ತರು; ಸೋತವರು ಎರಡು ಸಲವೂ ಭಾವೆ ಮನೆತನದ ಬ್ರಾಹ್ಮಣ ಒಡೆಯರು. ಅನ್ಯಮತದವರನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ತಕ್ಕ ಸ್ಥಳವು ಅಪೂರ್ವ.

ಧರ್ಮದಲ್ಲಿ ಬಲಾತ್ಕಾರವು ಸಲ್ಲದೆಂದು ಕುರಾನು ಬೋಧಿಸುತ್ತದೆ; ಅನ್ಯಮತದವರಿಗೆ ಕೊಟ್ಟ ಮಾತನ್ನೂ ನಡೆಸಬೇಕೆಂದು ವಿಧಿಸುತ್ತದೆ. ಇಸ್ಲಾಮೀ ನ್ಯಾಯಶಾಸ್ತ್ರವು ಜಿಜಿಯಾ ತೆತ್ತ ಪರಧರ್ಮೀಯರಿಗೆ ಪ್ರಾಣ, ಸ್ವತ್ತು, ಪೂಜೆಗಳ ರಕ್ಷಣೆಯನ್ನು ಕೊಟ್ಟಿತು. ಸಮಾನತೆಯನ್ನು ಮಾತ್ರ ಕೊಡಲಿಲ್ಲ. ಏಸುವಾದರೋ, ದಾರಿಯಲ್ಲಿ ಗಾಯಗೊಂಡು ಬಿದ್ದವನ ಕತೆಯಲ್ಲಿ, ಯೆಹೂದ್ಯರು ಹೀನವಾಗಿ ಕಾಣುತ್ತಿದ್ದ ಸಮಾರ್ಯದವನನ್ನೇ ನಿಜವಾದ ನೆರೆಯವನನ್ನಾಗಿ ತೋರಿಸಿದನು.

ಬೋಧನೆಯು ಹೀಗಿರಲು ನಡತೆಯು ಹೇಗಿದ್ದಿತು? 1785ರ ಜಗಳವು ಹುಟ್ಟಿದುದು ಮತದಿಂದಲ್ಲ, ಹೆಚ್ಚಿಸಿದ ಕಪ್ಪಕಾಣಿಕೆಯಿಂದ. ಆದರೆ ಕ್ಷೇಮದ ಭರವಸೆಯ ಮೇಲೆ ಕೋಟೆಯನ್ನು ಬಿಟ್ಟ ವೆಂಕಟರಾವ್ ಭಾವೆಗೆ ಕೊಟ್ಟ ಮಾತನ್ನು ನಡೆಸಲಿಲ್ಲವೆಂದು ಗ್ರಾಂಟ್ ಡಫನು ಬರೆದಿದ್ದಾನೆ. ವೆಂಕಟರಾಯನಿಗೆ ದೊರೆತುದು ಕಬ್ಬಾಳದುರ್ಗದ ಸೆರೆ. 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಸುಲ್ತಾನನು ನರಗುಂದವನ್ನು ಬಿಟ್ಟುಕೊಟ್ಟನು. ಇದಕ್ಕೆ ಮುಂಚೆ, 1784ರಲ್ಲಿ, ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದವನೂ ಅವನೇ. ಆದರೆ 1791ರಲ್ಲಿ ಪರಶುರಾಮ ಭಾವೂವಿನ ಮರಾಠಾ ಸೇನೆಯ ದಂಡಾಳುಗಳು ಶೃಂಗೇರಿಯನ್ನು ಕೊಳ್ಳೆಹೊಡೆದಾಗ, ಶಾರದೆಯ ಪುನಃಪ್ರತಿಷ್ಠೆಗಾಗಿ ಹಣವನ್ನೂ ಸಾಮಗ್ರಿಯನ್ನೂ ಕೊಡುವಂತೆ ಆಜ್ಞೆಮಾಡಿದವನೂ ಅವನೇ. ಆ ಕನ್ನಡ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡರು. ಮಠವನ್ನು ಸುಲಿದ ದಂಡು ಹಿಂದೂ ಪ್ರಭುಗಳದು, ನೆರವಾದವನು ಮುಸಲ್ಮಾನನು!

ಇಂಗ್ಲಿಷರ ವೃತ್ತಾಂತವೂ ಇಂತಹುದೇ. ಗಂಡುಸಂತಾನವಿಲ್ಲದ ಭಾಸ್ಕರರಾಯನಿಗೆ ದತ್ತಕವನ್ನು ನಿರಾಕರಿಸಿದರು. ಅವರ ಕಣ್ಣಿಗೆ ಅದು ಸಂಸ್ಥಾನದ ಲೆಕ್ಕ. ಅವನಿಗೆ ಅದು ಪಿತೃಕಾರ್ಯವನ್ನು ನಡೆಸುವ ಧರ್ಮ. ಸಿಟ್ಟು ದಂಗೆಯಾಯಿತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ 12ರಂದು ಬೆಳಗಾವಿಯಲ್ಲಿ ಭಾಸ್ಕರರಾಯನನ್ನು ಗಲ್ಲಿಗೇರಿಸಿದರು. ಐದು ತಿಂಗಳು ತುಂಬುವುದರೊಳಗೆ, ನವೆಂಬರ್ 1ರ ಘೋಷಣೆಯಲ್ಲಿ, ತನ್ನ ಮತವನ್ನು ಪ್ರಜೆಗಳ ಮೇಲೆ ಹೇರುವುದಿಲ್ಲವೆಂದೂ ಅವರ ಪುರಾತನ ಹಕ್ಕು, ಆಚಾರಗಳನ್ನು ಮನ್ನಿಸುವೆನೆಂದೂ ವಿಕ್ಟೋರಿಯಾ ರಾಣಿಯು ಸಾರಿದಳು. ಮುಂದೆ ದೇಶೀಯ ಅರಸರಿಗೆ ದತ್ತಕದ ಸನದುಗಳೂ ಬಂದವು. ನರಗುಂದಕ್ಕೆ ಆ ವಿವೇಕವು ತಡವಾಗಿ ಬಂದಿತು.

ಒಬ್ಬ ದೊರೆಯ ಕೃತ್ಯದಿಂದ ಅವನ ಮತವನ್ನು ತೂಗುವುದು ಅನ್ಯಾಯ. ಮತದ ಹಿರಿಮೆಯಿಂದ ದೊರೆಯ ತಪ್ಪನ್ನು ಮುಚ್ಚುವುದೂ ಅನ್ಯಾಯವೇ. ಗೆದ್ದವನ ಕೈಯಲ್ಲಿ ಸೋತವನ ದೇವರು, ಮನೆ, ಮಾತು ಎಷ್ಟು ಸುರಕ್ಷಿತವಾಗಿದ್ದವು? ಯಾವ ಧರ್ಮದವರಾದರೂ, ನಾವೂ ಸೇರಿ, ಉತ್ತರ ಕೊಡಬೇಕಾದುದು ಈ ಪ್ರಶ್ನೆಗೆ.