ಕಪ್ಪು ಮಾರಿದ ಕಂಪನಿ

ಜಪಾನಿ ಭಾಷೆಯಲ್ಲಿ 'ಕುರೊ' ಅಂದ್ರೆ ಕಪ್ಪು. 2007ರಲ್ಲಿ ಪಯೋನಿಯರ್ ತನ್ನ ಪ್ಲಾಸ್ಮಾ ಟೀವಿಗಳಿಗೆ ಇಟ್ಟ ಹೆಸರು ಅದೇ. ಆ ವರ್ಷದ ಎರಡು 50 ಇಂಚಿನ ಮಾಡೆಲ್‌ಗಳನ್ನೇ ತಗೊಳ್ಳಿ: 5010ಎಫ್‌ಡಿಯಲ್ಲಿ 1080 ಸಾಲು, ಅದಕ್ಕಿಂತ ಅಗ್ಗದ 5080ಎಚ್‌ಡಿಯಲ್ಲಿ 768. ಹತ್ತಡಿ ದೂರದ ಸೋಫಾದಲ್ಲಿ ಕೂತವರಿಗೆ ಈ ಸಾಲುಗಳ ಲೆಕ್ಕ ಎಲ್ಲಿ ಗೊತ್ತಾಗುತ್ತೆ? ಕಣ್ಣಿಗೆ ಹಿಡಿಸುತ್ತಿದ್ದ ಆ ಗಾಢ ಕಪ್ಪು ಎರಡರಲ್ಲೂ ಇತ್ತು. ನನ್ನ ಪ್ರಕಾರ ಜಾಣರ ಆಯ್ಕೆ 5080.

ಪ್ಲಾಸ್ಮಾ ಕೋಶಗಳು ತಟ್ಟನೆ ಹೊತ್ತಿಕೊಳ್ಳಲು ಸದಾ ಚೂರು ಮಿನುಗುತ್ತಿರಬೇಕು; ಕತ್ತಲ ದೃಶ್ಯ ಬೂದು ಬೂದಾಗಿ ಕಾಣೋದು ಅದರಿಂದಲೇ. ಪಯೋನಿಯರ್ ಆ ಮಿನುಗನ್ನು ತೀರಾ ತಗ್ಗಿಸಿತು. ಆದರೆ ಝಗಝಗಿಸುವ ಶೋರೂಮಿನಲ್ಲಿ ಕಪ್ಪು ಎದ್ದು ಕಾಣೋದು ಹೇಗೆ? ಅಲ್ಲಿ ಹೊಳೆದದ್ದು ಕಡಿಮೆ ಬೆಲೆಯ ಎಲ್‌ಸಿಡಿ. 2009ರ ಫೆಬ್ರವರಿಯಲ್ಲಿ ಕಂಪನಿ ಟೀವಿ ವ್ಯಾಪಾರ ಬಿಡುವುದಾಗಿ ಘೋಷಿಸಿತು, ಜೊತೆಗೆ ಸುಮಾರು 10,000 ಜನರ ಕೆಲಸಕ್ಕೂ ಕತ್ತರಿ ಹಾಕಿತು.