ಯುದ್ಧಕಾಲದ ಗಂಡ-ಹೆಂಡತಿ ಮತ್ತು ಒಂದು ಅರ್ಜಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮಂಥವರಿಗೆ ಬೆಳಗಾವಿ ಅಂದರೆ ದೊಡ್ಡಾಸ್ಪತ್ರೆ, ಡಿ.ಸಿ. ಆಫೀಸು, ಈಗೀಗ ಪಾಸ್‌ಪೋರ್ಟ್ ಕೆಲಸ. ಇದೇ ಬೆಳಗಾವಿಯಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೆ ಯುರೋಪಿನ ಹೆಂಗಸರು, ಮಕ್ಕಳನ್ನು ಇಟ್ಟಿದ್ದ ಒಂದು ಶಿಬಿರ ಇತ್ತು ಅನ್ನೋದು ನಿಮಗೆ ಗೊತ್ತಿತ್ತೇ?

ನಾನು ಇತಿಹಾಸ ಓದಿದವನಲ್ಲ, ಇಂಜಿನಿಯರಿಂಗ್ ಮುಗಿಸಿ ಕೋಡ್ ಬರೆಯುವವನು. ಇದರ ಬೆನ್ನು ಹತ್ತಿದ್ದು ಒಂದು ಪತ್ರದ ದೆಸೆಯಿಂದ. ಹುಕ್ಕೇರಿ ಮೂಲದ ಪರಿಚಿತರೊಬ್ಬರು ಹೊರದೇಶದಲ್ಲಿದ್ದಾರೆ, ಹೆಂಡತಿ ಯುಕ್ರೇನಿನವರು. 2022ರ ಫೆಬ್ರವರಿ 24ಕ್ಕೆ ಯುದ್ಧ ಶುರುವಾದಾಗ ಆಕೆ ಅಲ್ಲೇ ಇದ್ದರು, ವೀಸಾ ಕಡತ ಇನ್ನೂ ನಡೆಯುತ್ತಿತ್ತು. "ಸ್ವಲ್ಪ ಬೇಗ ಮಾಡಿಕೊಡಿ ಅಂತ ಕೇಳೋಕೆ ಒಂದು ಪತ್ರ ಬರೆದುಕೊಡೋ" ಅಂದರು. ಬರೆದೆ. ಬರೆಯುತ್ತಾ ಒಂದು ಪ್ರಶ್ನೆ ಹುಟ್ಟಿತು. ಇಂಥ ಅರ್ಜಿಯನ್ನು ನಮ್ಮ ನೆಲದಲ್ಲಿ ಹಿಂದೆ ಯಾರು ಬರೆದಿರಬಹುದು?

ಹುಡುಕಿದರೆ ಉತ್ತರ ಊರ ಹತ್ತಿರವೇ ಸಿಕ್ಕಿತು.

1914ರ ಆಗಸ್ಟ್‌ನಲ್ಲಿ ಯುದ್ಧ ಬಂದಾಗ ಹುಬ್ಬಳ್ಳಿ, ಧಾರವಾಡ, ಬೆಟಗೇರಿ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಕೆಲಸ ಮಾಡುತ್ತಿತ್ತು. ನಮಗೆ 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಇದೇ ಮಿಷನ್ನಿನವರು. ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿ, ಆದರೆ ಪಾದ್ರಿಗಳಲ್ಲಿ ಬಹಳಷ್ಟು ಮಂದಿ ಜರ್ಮನರು. ವರ್ಷಗಟ್ಟಲೆ ಕನ್ನಡ ಮಾತಾಡಿಕೊಂಡಿದ್ದವರು ಒಮ್ಮೆಲೇ 'ಶತ್ರು ದೇಶದವರು' ಆದರು. ಸೈನ್ಯಕ್ಕೆ ಸೇರುವ ವಯಸ್ಸಿನ ಗಂಡಸರು ಅಹ್ಮದ್‌ನಗರದ ಶಿಬಿರಕ್ಕೆ ಹೋದರು. ಹೆಂಗಸರು, ಮಕ್ಕಳು, ಕುಟುಂಬಗಳಿಗೆ ಬಳ್ಳಾರಿ, ಬೆಳಗಾವಿ. 1917ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯವರು ಭಾರತ ಮತ್ತು ಬರ್ಮಾದ ಶಿಬಿರಗಳನ್ನು ನೋಡಿ ಬರೆದ ವರದಿಯಲ್ಲಿ ಈ ಮೂರೂ ಊರುಗಳಿವೆ.

ಅದಕ್ಕೂ ಮೊದಲೇ, 1915ರ ಕೊನೆಗೆ ಒಮ್ಮೆ, 1916ರ ಮೊದಲ ಭಾಗದಲ್ಲಿ ಇನ್ನೊಮ್ಮೆ, 'ಗೋಲ್ಕೊಂಡ' ಎಂಬ ಹಡಗು ಇಂಥವರನ್ನು ಯುರೋಪಿಗೆ ಒಯ್ದಿತ್ತು. ಎಷ್ಟೋ ಹೆಂಗಸರು ಗಂಡನನ್ನು ಅಹ್ಮದ್‌ನಗರದಲ್ಲಿ ಬಿಟ್ಟು ಹಡಗು ಹತ್ತಬೇಕಾಯಿತು. 1916ರ ಜೂನ್‌ನಲ್ಲಿ ಅದೇ ಹಡಗು ಇಂಗ್ಲೆಂಡಿನ ತೀರದಲ್ಲಿ ಮೈನ್‌ಗೆ ಸಿಕ್ಕಿ ಮುಳುಗಿತು. ಎರಡನೇ ಪ್ರಯಾಣ ಮುಗಿದು ಸ್ವಲ್ಪ ದಿನಕ್ಕೇ!

ಕಾನೂನು ಹೇಗಿತ್ತು ನೋಡಿ. 1914ರ ಬ್ರಿಟಿಷ್ ರಾಷ್ಟ್ರೀಯತೆ ಕಾಯ್ದೆಯ ಪ್ರಕಾರ ಪರದೇಶಿಯನ್ನು ಮದುವೆಯಾದವಳೂ ಪರದೇಶಿಯೇ. ಅಂದರೆ ಲಂಡನ್ನಿನಲ್ಲೇ ಹುಟ್ಟಿದವಳೂ ಜರ್ಮನನ ಕೈಹಿಡಿದರೆ ಶತ್ರು ದೇಶದವಳು. 1918ರ ತಿದ್ದುಪಡಿಯಲ್ಲಿ ಒಂದು ಕಿಂಡಿ ತೆರೆಯಿತು. ಶತ್ರು ದೇಶದವನ ಹೆಂಡತಿ ಹುಟ್ಟಿನಿಂದ ಬ್ರಿಟಿಷ್ ಪ್ರಜೆಯಾಗಿದ್ದರೆ, ಮತ್ತೆ ಬ್ರಿಟಿಷ್ ಪ್ರಜೆಯಾಗಬೇಕು ಅಂತ ಘೋಷಣೆ ಬರೆದುಕೊಡಬಹುದು. ಮಂತ್ರಿಗೆ ಸರಿ ಅನ್ನಿಸಿದರೆ ಪ್ರಮಾಣಪತ್ರ ಸಿಗುತ್ತದೆ. ಆ ಹೊತ್ತಿಗೆ ಯುದ್ಧ ನಾಲ್ಕು ವರ್ಷ ಹಳೆಯದಾಗಿತ್ತು.

ಸ್ವತಂತ್ರ ಭಾರತದಲ್ಲೂ ಇದೇ ಕಥೆ ಬೇರೆ ವೇಷದಲ್ಲಿ ಬಂತು. 1952ರಲ್ಲಿ ಭಾರತ-ಪಾಕಿಸ್ತಾನದ ನಡುವೆ ಪಾಸ್‌ಪೋರ್ಟ್, ವೀಸಾ ಶುರುವಾಯಿತು. 1965ರ ಯುದ್ಧಕ್ಕೆ ಮುನಾಬಾವ್-ಖೋಖ್ರಾಪಾರ್ ರೈಲು ನಿಂತಿತು. ಆ ದಾರಿಯಲ್ಲಿ ಮತ್ತೆ ರೈಲು ಓಡಿದ್ದು 2006ರಲ್ಲಿ. 1971ರ ಯುದ್ಧಕ್ಕೆ ರಾಜತಾಂತ್ರಿಕ ಸಂಬಂಧವೇ ಕಡಿಯಿತು. ಪ್ರಯಾಣ, ವೀಸಾ ಕುರಿತ ಒಪ್ಪಂದ ಆಗಲು 1974ರ ಸೆಪ್ಟೆಂಬರ್ ಬರಬೇಕಾಯಿತು. ಆ ಮೂರು ವರ್ಷ ಗಡಿಯ ಆಚೆ ಸಂಸಾರ ಇದ್ದವರು ಯಾರ ಹತ್ತಿರ ಅರ್ಜಿ ಹಿಡಿದು ಹೋಗಬೇಕಿತ್ತು?

ದೂರದ ಪಂಜಾಬಿನ ಮಾತಲ್ಲ ಇದು. ನಮ್ಮ ಭಟ್ಕಳದಲ್ಲೂ ಪಾಕಿಸ್ತಾನದಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳಿದ್ದಾರೆ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿಯರ ಬಹುತೇಕ ವೀಸಾಗಳನ್ನು ಏಪ್ರಿಲ್ 27ರಿಂದ ರದ್ದು ಮಾಡಿದರು. ಆದರೆ ದೀರ್ಘಾವಧಿ ವೀಸಾ ಇದ್ದವರಿಗೆ ಆ ಆದೇಶ ಅನ್ವಯಿಸಲಿಲ್ಲ. ಭಾರತೀಯರನ್ನು ಮದುವೆಯಾಗಿ ಇಲ್ಲೇ ನೆಲೆಸಿದವರು ಪಡೆಯಬಹುದಾದ ವೀಸಾ ಅದು. ಪೌರತ್ವಕ್ಕೆ ಅರ್ಜಿ ಹಾಕಬೇಕಾದರೂ ಕಾಯ್ದೆಯ ಪ್ರಕಾರ ಏಳು ವರ್ಷ ಇಲ್ಲಿ ವಾಸ ಮಾಡಿರಬೇಕು. ಹಾಗಾಗಿ ಒಂದೇ ಊರಿನ ಇಬ್ಬರು ಸೊಸೆಯಂದಿರಲ್ಲಿ ಯಾರು ಉಳಿಯಬೇಕು, ಯಾರು ಹೊರಡಬೇಕು ಅನ್ನೋದನ್ನು ವೀಸಾದ ಮೇಲಿನ ಒಂದು ಪದ ತೀರ್ಮಾನಿಸಬಹುದು.

ಇನ್ನು 'ಬೇಗ ಮಾಡಿ' ಅನ್ನುವ ಅರ್ಜಿ. ಅಮೆರಿಕದ ಕ್ರಮವನ್ನೇ ತಗೊಳ್ಳಿ. ಅಲ್ಲಿ ಸಂಗಾತಿಗಾಗಿ ಹಾಕುವ ಐ-130 ಅರ್ಜಿಯನ್ನು ತುರ್ತಾಗಿ ನೋಡಿ ಎಂದು ಕೇಳಬಹುದು, ಮಾನವೀಯ ತುರ್ತು ಒಂದು ಒಪ್ಪುವ ಕಾರಣ. ಆದರೆ ಅದು ಹಕ್ಕಲ್ಲ, ಅಧಿಕಾರಿಯ ವಿವೇಚನೆ. ಅರ್ಜಿ ಮಂಜೂರಾದ ಮೇಲೆ ಕಡತ ವೀಸಾ ಕೇಂದ್ರಕ್ಕೆ, ಅಲ್ಲಿಂದ ದೂತಾವಾಸಕ್ಕೆ ಹೋಗುತ್ತದೆ, ಪ್ರತಿ ಕಡೆಯೂ ಬೇರೆಯಾಗಿ ಕೇಳಬೇಕು. ಗ್ರೀನ್ ಕಾರ್ಡ್ ಇರುವವರ ಸಂಗಾತಿಗಾದರೆ ವಾರ್ಷಿಕ ಮಿತಿಯ ಸರದಿ ಬೇರೆ. ಎಂಥ ತುರ್ತು ಪತ್ರವೂ ಆ ಸರದಿಯನ್ನು ಹಾರಿಸಲಾರದು. ಬ್ರಿಟನ್ ಬೇರೆ ದಾರಿ ಹಿಡಿಯಿತು. ಯುಕ್ರೇನ್ ಯುದ್ಧ ಶುರುವಾದ ಎಂಟು ದಿನಕ್ಕೆ, 2022ರ ಮಾರ್ಚ್ 4ಕ್ಕೆ, ಕುಟುಂಬದವರಿಗಾಗಿಯೇ ಒಂದು ಯೋಜನೆ ತೆರೆಯಿತು. 2024ರ ಫೆಬ್ರವರಿಯಲ್ಲಿ ಅದನ್ನು ಮುಚ್ಚಿದರು, ಯುದ್ಧ ಮುಗಿದಿರಲಿಲ್ಲ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಅನ್ನಿಸೋದು ಇಷ್ಟೇ. ಯುದ್ಧ ಬಂದಾಗ ಆದೇಶಗಳು ರಾತ್ರೋರಾತ್ರಿ ಓಡುತ್ತವೆ, ಕಡತಗಳು ಮಾತ್ರ ಎತ್ತಿನ ಗಾಡಿಯಲ್ಲೇ ಬರುತ್ತವೆ. ಒಳ್ಳೆಯ ಅಧಿಕಾರಿ ಸಿಕ್ಕರೆ ಒಬ್ಬರ ಸಂಸಾರ ಉಳಿದೀತು. ಆದರೆ ಸಾವಿರ ಸಂಸಾರ ಉಳಿಯೋದು ಕಾಗದದ ಮೇಲೆ ಮೊದಲೇ ಬರೆದಿಟ್ಟ ಒಂದು ಸಾಲಿನಿಂದ. 1918ರಲ್ಲಿ ಆ ಸಾಲು ತಡವಾಗಿ ಬಂತು, 2025ರಲ್ಲಿ ಮೊದಲೇ ಇತ್ತು, ಅದಕ್ಕೇ ಕೆಲವು ಮನೆಗಳು ಒಡೆಯಲಿಲ್ಲ. ಮುಂದಿನ ಯುದ್ಧ ಎಲ್ಲಿ ಬರುತ್ತದೋ ಗೊತ್ತಿಲ್ಲ. ನಮ್ಮ ಊರುಗಳ ಮಕ್ಕಳಂತೂ ಈಗ ಎಲ್ಲಾ ದೇಶಗಳಲ್ಲಿದ್ದಾರೆ.

ಬೆಳಗಾವಿ, ಬಳ್ಳಾರಿಯ ಆ ಶಿಬಿರಗಳ ಬಗ್ಗೆ ನಿಮ್ಮ ಮನೆಯ ಹಿರಿಯರು ಏನಾದರೂ ಹೇಳಿದ್ದು ನೆನಪಿದ್ದರೆ ದಯವಿಟ್ಟು ತಿಳಿಸಿ.